ಸ್ಕೂಟರಿನ ಮುಂದಿನ ಬ್ರೇಕಿಗೆ ಬೇರೆ ಕ್ಯಾಲಿಪರ್ ಕೂರಿಸಿದ್ದು

ಅಮ್ಮನನ್ನು ಹಿಂದೆ ಕೂರಿಸ್ಕೊಂಡು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೆ ಡಾಕ್ಟರಲ್ಲಿಗೆ ಹೊರಟಿದ್ದೆ, ಪೆರ್ಲ ದಾಟಿ ಸ್ವಲ್ಪ ಮುಂದೆ ಒಂದು ಇಳಿಜಾರು ತಿರುವು, ಎದುರಿಂದ ಕೆಂಪುಕಲ್ಲು ತುಂಬಿದ ಪಿಕಪ್ ಒಂದು ನನ್ನ ಸೈಡಿಗೇ ಬಂತು. ಬಲಗೈ ಲಿವರ್ ಎಷ್ಟು ಒತ್ತಬಹುದೋ ಅಷ್ಟು ಒತ್ತಿದೆ. ಸ್ಕೂಟರ್ ನಿಧಾನ ಆಯ್ತು ಆದ್ರೆ ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲಿಲ್ಲ, ಹಿಂದಿನ ಡ್ರಮ್ ಬ್ರೇಕನ್ನೂ ಹಿಡಿದು ರೋಡಿನ ಬದಿಯ ಚರಂಡಿಯ ಅಂಚಿಗೆ ಬಂದು ನಿಂತದ್ದು. ಪಿಕಪ್ ಹೋಯ್ತು. ಅಮ್ಮ ಭುಜ ಹಿಡ್ಕೊಂಡವರು ಬಿಡದೆ "ಎಂತಾತು ಮಗಾ, ಬ್ರೇಕು ಹಿಡಿತ್ತಿಲ್ಲೆಯಾ?" ಅಂತ ಕೇಳಿದ್ರು. ಏನಿಲ್ಲ ಅಮ್ಮ ಅಂದೆ, ಆದ್ರೆ ಅಲ್ಲಿಂದ ಬದಿಯಡ್ಕದವರೆಗೆ ಇಪ್ಪತ್ತು ಇಪ್ಪತ್ತೈದರ ಸ್ಪೀಡಲ್ಲೇ ಹೋದೆ. ಮುಂದಿನ ಬ್ರೇಕಿನ ಕ್ಯಾಲಿಪರ್, ಅಂದ್ರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಒತ್ತಿ ಹಿಡಿಯುವ ಭಾಗ, ಅದನ್ನು ಬದಲಿಸುವ ಈ ಇಡೀ ಕೆಲಸಕ್ಕೆ ಕೈ ಹಾಕಿದ್ದು ಅದೊಂದೇ ಕಾರಣಕ್ಕೆ. ಇದನ್ನು ಬರೀತಿರುವುದು ಕೂಡ, ಕ್ಯಾಲಿಪರ್ ಬದಲಿಸ್ಬೇಕು ಅಂತ ಯೋಚನೆ ಮಾಡುವವರು ನಾನು ಹೋದ ತಪ್ಪು ದಾರಿಗೆ ಹೋಗುವುದು ಬೇಡ ಅಂತ.

ಸ್ಕೂಟರ್ 125 ಸಿಸಿದ್ದು, 2017ರಲ್ಲಿ ತೆಗೊಂಡದ್ದು, ಮುಂದೆ 220 ಮಿ.ಮೀ. ಡಿಸ್ಕ್, 12 ಇಂಚಿನ ಚಕ್ರ. ಮನೆ ಪೆರ್ಲದ ಹತ್ತಿರ, ಶಾಲೆ ಕುಂಬಳೆ ಕಡೆ. ದಿನಾ ಬದಿಯಡ್ಕ, ನೀರ್ಚಾಲು, ಸೀತಾಂಗೋಳಿ ದಾಟಿ ಹೋಗಿ ಬರುವುದು. ಅಂದ್ರೆ ಗುಡ್ಡದ ಇಳಿಜಾರೂ ಉಂಟು, ಕೊನೆಗೆ ಕಡಲಿನ ಉಪ್ಪು ಗಾಳಿಯೂ ಉಂಟು. ಆ ಉಪ್ಪು ಗಾಳಿ ಬ್ರೇಕಿಗೆ ಎಂತ ಮಾಡ್ತದೆ ಅಂತ ನನಗೆ ಗೊತ್ತಾದದ್ದು ಹಳೆ ಕ್ಯಾಲಿಪರ್ ಬಿಚ್ಚಿದ ದಿನ.

ಒಂದು ಮಾತು ಮೊದಲೇ ಹೇಳ್ತೇನೆ. ಬ್ರೇಕ್ ಹಿಡಿಯುವುದಿಲ್ಲ ಅಂತ ಆದ ಕೂಡ್ಲೇ ಹೊಸ ಕ್ಯಾಲಿಪರ್ ಹುಡುಕ್ಲಿಕ್ಕೆ ಹೋಗ್ಬೇಡಿ, ಇದ್ದದ್ದನ್ನು ಬಿಚ್ಚಿ ನೋಡಿ. ಸ್ಕೂಟರುಗಳಲ್ಲಿ ಹೆಚ್ಚಾಗಿ ಬರುವುದು ಫ್ಲೋಟಿಂಗ್ ಕ್ಯಾಲಿಪರ್, ಪಿಸ್ಟನ್ ಒಂದೇ ಬದಿಯಲ್ಲಿ ಇರ್ತದೆ. ಲಿವರ್ ಒತ್ತಿದಾಗ ಬ್ರೇಕ್ ಆಯಿಲಿನ ಒತ್ತಡಕ್ಕೆ ಪಿಸ್ಟನ್ ಮುಂದೆ ಬಂದು ಆ ಬದಿಯ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಕ್ಯಾಲಿಪರಿನ ಬಾಡಿಯೇ ಎರಡು ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ ಇನ್ನೊಂದು ಬದಿಯ ಪ್ಯಾಡನ್ನು ಎಳೆದು ತರ್ತದೆ. ಆ ಪಿನ್ ಜಾರದಿದ್ರೆ ಒಂದೇ ಬದಿಯ ಪ್ಯಾಡ್ ಡಿಸ್ಕನ್ನು ಒತ್ತಿ ಬಗ್ಗಿಸ್ಲಿಕ್ಕೆ ನೋಡ್ತದೆ, ಕೈಗೆ ಲಿವರ್ ಸ್ಪಂಜಿನ ಹಾಗೆ ಅನ್ನಿಸ್ತದೆ, ಹಿಡಿತ ಅರ್ಧಕ್ಕರ್ಧ ಹೋಗ್ತದೆ. ನನ್ನದರಲ್ಲಿ ಕೆಳಗಿನ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪಿಸ್ಟನ್ ಬದಿಯ ಪ್ಯಾಡ್ ಪೂರ್ತಿ ಸವೆದಿತ್ತು, ಇನ್ನೊಂದು ಬದಿಯದ್ದು ಹೊಸದರ ಹಾಗೆ ಇತ್ತು. ಇದನ್ನು ನೋಡಿದ್ರೆ ಯಾರಿಗೂ ಕಾಯಿಲೆ ಗೊತ್ತಾಗ್ತದೆ, ಎರಡು ಪ್ಯಾಡ್ ಸಮ ಸವೆಯದಿದ್ರೆ ಪಿನ್ ನೋಡಿ, ಅಷ್ಟೇ.

ಪಿನ್ ತಿಕ್ಕಿ ಸಿಲಿಕಾನ್ ಗ್ರೀಸ್ ಹಾಕಿ ಹೊಸ ಪ್ಯಾಡ್ ಹಾಕಿದೆ, ತುಂಬ ಚೆಂದ ಆಯ್ತು, ಹತ್ತು ಹನ್ನೆರಡು ದಿನ. ಆಮೇಲೆ ಪಿಸ್ಟನಿನ ಬುಡದಲ್ಲಿ ಒದ್ದೆ ಕಾಣ್ಲಿಕ್ಕೆ ಶುರು. ಪಿಸ್ಟನ್ ಹೊರಗೆ ತೆಗೆದು ನೋಡಿದ್ರೆ ಕ್ರೋಮ್ ಎದ್ದು ಸಣ್ಣ ಸಣ್ಣ ಗುಂಡಿ ಬಿದ್ದಿತ್ತು, ಆ ಒರಟು ಜಾಗ ಸೀಲನ್ನು ಕೊರೆದಿತ್ತು. ಇಲ್ಲಿ ಸೀಲಿನ ಬಗ್ಗೆ ಒಂದು ವಿಷಯ, ನನಗೆ ಓದಿ ತಿಳಿದಾಗ ತುಂಬ ಖುಷಿ ಆದದ್ದು. ಡ್ರಮ್ ಬ್ರೇಕಿನಲ್ಲಿ ಶೂಗಳನ್ನು ವಾಪಸ್ ಎಳೆಯಲಿಕ್ಕೆ ಸ್ಪ್ರಿಂಗ್ ಉಂಟಲ್ಲ, ಡಿಸ್ಕ್ ಬ್ರೇಕಿನ ಪಿಸ್ಟನಿಗೆ ಅಂಥದ್ದು ಯಾವುದೂ ಇಲ್ಲ. ಲಿವರ್ ಒತ್ತಿದಾಗ ಪಿಸ್ಟನ್ ಮುಂದೆ ಹೋಗುವಾಗ ಅದರ ಸುತ್ತ ಬಿಗಿಯಾಗಿ ಕೂತ ಅಡ್ಡ ಕೊಯ್ದ್ರೆ ಚೌಕ ಕಾಣುವ ರಬ್ಬರ್ ಸೀಲ್ ಸ್ವಲ್ಪ ತಿರುಚಿಕೊಳ್ತದೆ, ಲಿವರ್ ಬಿಟ್ಟ ಕೂಡ್ಲೇ ಆ ರಬ್ಬರ್ ತನ್ನ ಮೊದಲಿನ ಆಕಾರಕ್ಕೆ ಬರ್ತದೆ, ಬರುವಾಗ ಪಿಸ್ಟನನ್ನು ಕೂದಲೆಳೆಯಷ್ಟು ಹಿಂದೆ ಎಳ್ಕೊಂಡು ಬರ್ತದೆ. ಅಷ್ಟರಲ್ಲೇ ಪ್ಯಾಡ್ ಡಿಸ್ಕಿನಿಂದ ಬಿಡುಗಡೆ ಆಗುವುದು. ಪ್ಯಾಡ್ ಸವೆದ ಹಾಗೆ ಪಿಸ್ಟನ್ ಸೀಲಿನಲ್ಲಿ ಜಾರಿ ಮುಂದೆ ಬಂದು ತಾನೇ ಅಡ್ಜಸ್ಟ್ ಆಗುವುದೂ ಇದ್ರಿಂದಲೇ. ಒಂದು ರಬ್ಬರ್ ಬಳೆ ಇಷ್ಟೆಲ್ಲ ಕೆಲಸ ಮಾಡ್ತದೆ, ಅದು ಹರಿದ್ರೆ ಬ್ರೇಕಿಗೆ ಅರ್ಥವೇ ಇಲ್ಲ.

ಹಳೆಯದಕ್ಕೆ ಪಿಸ್ಟನ್ ಕಿಟ್ ಕೇಳಿದೆ, ಸ್ಟಾಕ್ ಇಲ್ಲ, ಯಾವಾಗ ಬರ್ತದೆ ಹೇಳ್ಲಿಕ್ಕೆ ಆಗುದಿಲ್ಲ ಅಂದ್ರು. ಪೂರ್ತಿ ಕ್ಯಾಲಿಪರ್ ಅಸೆಂಬ್ಲಿಗೂ ಅದೇ ಉತ್ತರ. ಅಲ್ಲಿಗೆ ಆಫ್ಟರ್ ಮಾರ್ಕೆಟ್, ಅಂದ್ರೆ ಗಾಡಿ ಕಂಪನಿಯದ್ದಲ್ಲದ ಪಾರ್ಟುಗಳ ಕಡೆ ಕಣ್ಣು ಹೋಯ್ತು.

ಮೊದಲು ತರಿಸಿದ್ದು ನಾಲ್ಕು ಪಿಸ್ಟನಿನ ಬಂಗಾರ ಬಣ್ಣದ ಕ್ಯಾಲಿಪರ್. ಆನ್‌ಲೈನ್‌ನಲ್ಲಿ ಇಂಥದ್ದು ರಾಶಿ ರಾಶಿ ಉಂಟು, ಹೆಚ್ಚಿನದರ ಮೇಲೆ ಬ್ರೆಂಬೊ ಅಂತ ಅಕ್ಷರವೂ ಇರ್ತದೆ. ಬ್ರೆಂಬೊ ಇಟಲಿಯ ಬೆರ್ಗಾಮೊ ಹತ್ತಿರದ ಕಂಪನಿ, 1961ರಲ್ಲಿ ಶುರುವಾದದ್ದು, ರೇಸ್ ಬೈಕುಗಳಿಗೆ ಬ್ರೇಕ್ ಮಾಡುವವರು. ಸಣ್ಣ ಇಂಜಿನಿನ ಬೈಕುಗಳಿಗಾಗಿ ಅವರದ್ದೇ ಬೈಬ್ರೆ ಅನ್ನುವ ಬ್ರಾಂಡ್ ನಮ್ಮ ದೇಶದಲ್ಲಿ ಉಂಟು, ಕೆಟಿಎಂ ಡ್ಯೂಕಿನ ಮುಂದಿನ ಚಕ್ರದಲ್ಲಿ ನೋಡಿರ್ತೀರಿ. ಆ ಹೆಸರು ಬರೆದು ಎರಡು ಮೂರು ಸಾವಿರಕ್ಕೆ ಮಾರುವುದು ಅವರದ್ದು ಆಗ್ಲಿಕ್ಕೆ ಸಾಧ್ಯವೇ ಇಲ್ಲ. ನಾನು ಹೆಸರು ಇಲ್ಲದ್ದೇ ತರಿಸಿದೆ, 3,400 ರೂಪಾಯಿ. ನಾಲ್ಕು ಪಿಸ್ಟನ್ ಇದ್ರೆ ಹಿಡಿತ ಜಾಸ್ತಿ ಅಂತ ತಲೆಯಲ್ಲಿ ಇದ್ದದ್ದು ಅಷ್ಟೇ. ಲೆಕ್ಕ ಹಾಕ್ಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಸ್ಕಲನ ನಿಯಮ (ಮುಚ್ಚಿದ ದ್ರವಕ್ಕೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಸಮ ಹರಡ್ತದೆ ಅನ್ನುವುದು) ಪಾಠ ಮಾಡುವವನು ನಾನು, ಸ್ಕೂಟರಿನ ಹತ್ತಿರ ಕೂತಾಗ ಅದನ್ನು ಹಾಕಿ ನೋಡ್ಬೇಕಿತ್ತು.

ಅದು ಬಂದ ಮೇಲೆ ಹಾಕಿದ ಲೆಕ್ಕ ಇಲ್ಲಿ ಕೊಡ್ತೇನೆ, ಸಮಾಧಾನದಲ್ಲಿ ಓದಿ, ಕ್ಯಾಲಿಪರ್ ಬದಲಿಸುವ ಕೆಲಸದ ತಿರುಳು ಇದೇ. ಹ್ಯಾಂಡಲಿನಲ್ಲಿ ಲಿವರ್ ಬುಡದಲ್ಲಿ ಇದ್ದು ಆಯಿಲನ್ನು ಕ್ಯಾಲಿಪರಿಗೆ ತಳ್ಳುವುದು ಮಾಸ್ಟರ್ ಸಿಲಿಂಡರ್. ನನ್ನದರ ಬಾಡಿ ಮೇಲೆ 1/2 ಅಂತ ಎರಕದಲ್ಲೇ ಉಂಟು, ಅಂದ್ರೆ ಅರ್ಧ ಇಂಚು, 12.7 ಮಿ.ಮೀ. ವ್ಯಾಸ. ಅದರ ವಿಸ್ತೀರ್ಣ ಸುಮಾರು 127 ಚದರ ಮಿ.ಮೀ. ಹಳೆ ಕ್ಯಾಲಿಪರಿನ ಒಂದೇ ಪಿಸ್ಟನ್ 33 ಮಿ.ಮೀ., ವಿಸ್ತೀರ್ಣ 855. ಭಾಗಿಸಿದ್ರೆ 6.7. ಮಾಸ್ಟರ್ ಸಿಲಿಂಡರಿನಲ್ಲಿ ಎಷ್ಟು ಬಲ ಬಿತ್ತೋ ಅದರ 6.7 ಪಾಲು, ಅಂದ್ರೆ 6.7 ಪಟ್ಟು, ಪ್ಯಾಡಿಗೆ ಸಿಗ್ತದೆ ಅಂತ ಅರ್ಥ. ಬಂಗಾರ ಬಣ್ಣದ್ದರಲ್ಲಿ 30 ಮಿ.ಮೀ.ದ್ದು ನಾಲ್ಕು ಪಿಸ್ಟನ್, ಎರಡು ಈಚೆ ಎರಡು ಆಚೆ. ನಾಲ್ಕನ್ನೂ ಕೂಡಿಸ್ಲಿಕ್ಕಿಲ್ಲ, ಒಂದು ಬದಿಯ ಎರಡನ್ನು ಮಾತ್ರ ಹಿಡಿಯಬೇಕು, ಯಾಕಂದ್ರೆ ಆಚೆ ಬದಿಯ ಎರಡು ಮಾಡುವ ಕೆಲಸವನ್ನೇ ಫ್ಲೋಟಿಂಗಿನಲ್ಲಿ ಜಾರುವ ಬಾಡಿ ಮಾಡ್ತದೆ. ಎರಡರ ವಿಸ್ತೀರ್ಣ 1,414. ಭಾಗಿಸಿದ್ರೆ 11.1. ಹಳೆಯದರ ಒಂದೂವರೆ ಪಾಲಿಗಿಂತಲೂ ಜಾಸ್ತಿ.

ಕೇಳ್ಲಿಕ್ಕೆ ಚೆಂದ. ಆದ್ರೆ ಬಲ ಎಷ್ಟು ಪಾಲು ಹೆಚ್ಚಾಯ್ತೋ ಲಿವರ್ ಓಡಬೇಕಾದ ದೂರವೂ ಅಷ್ಟೇ ಪಾಲು ಹೆಚ್ಚಾಗ್ತದೆ, ಬಾವಿಯ ರಾಟೆ ಎರಡು ಮಾಡಿದ್ರೆ ಹಗ್ಗ ಜಾಸ್ತಿ ಎಳೆಯಬೇಕಲ್ಲ, ಹಾಗೆ. ಆ ಪಿಸ್ಟನುಗಳನ್ನು ಮುಂದೆ ತಳ್ಳಲಿಕ್ಕೆ ಬೇಕಾದಷ್ಟು ಆಯಿಲ್ ಅರ್ಧ ಇಂಚಿನ ಸಿಲಿಂಡರ್ ಒಂದು ಒತ್ತಿನಲ್ಲಿ ಕೊಡ್ಬೇಕು. ನಾನು ಅದನ್ನು ಮೇಜಿನ ಮೇಲೇ ಹೋಸಿಗೆ ಜೋಡಿಸಿ, ಪ್ಯಾಡುಗಳ ನಡುವೆ ಬೇರೊಂದು ಹಳೆ ಡಿಸ್ಕಿನ ತುಂಡು ಇಟ್ಟು, ಏರ್ ಪೂರ್ತಿ ತೆಗೆದು ನೋಡಿದೆ, ಲಿವರ್ ಹೆಚ್ಚು ಕಮ್ಮಿ ಗ್ರಿಪ್ಪಿಗೇ ಮುಟ್ಟಿತು. ಆಯಿಲ್ ಬಿಸಿ ಆದ್ರೆ ಆಮೇಲೆ ಒತ್ತಲಿಕ್ಕೆ ಜಾಗವೇ ಇಲ್ಲ. ಮಾಸ್ಟರ್ ಸಿಲಿಂಡರನ್ನೂ 14 ಮಿ.ಮೀ.ದ್ದು ಹಾಕಿದ್ರೆ ಲಿವರ್ ಸರಿ ಆಗ್ತದೆ ನಿಜ, ಆಗ ಪಾಲು 9ರ ಹತ್ತಿರ ಇಳೀತದೆ, ಅಷ್ಟಕ್ಕೆ ನಾಲ್ಕು ಪಿಸ್ಟನ್ ಎಂತಕ್ಕೆ?

ಇನ್ನೊಂದು ತೊಂದರೆ ರಿಮ್ಮಿದ್ದು. ಬೈಕಿನ 17 ಇಂಚಿನ ಚಕ್ರದಲ್ಲಿ ಜಾಗ ಧಾರಾಳ, ನಮ್ಮ 12 ಇಂಚಿನದ್ದರಲ್ಲಿ ಡಿಸ್ಕಿನ ಹೊರ ಅಂಚಿಗೂ ರಿಮ್ಮಿನ ಒಳಮೈಗೂ ನಡುವೆ ಇರುವುದು ಬರೀ 25 ಮಿ.ಮೀ. ಆಸುಪಾಸು. ಅಷ್ಟರೊಳಗೆ ಕ್ಯಾಲಿಪರಿನ ಬೆನ್ನು ಕೂರಬೇಕು. ನಾಲ್ಕು ಪಿಸ್ಟನಿನದ್ದರ ಬೆನ್ನು ದಪ್ಪ, ರಟ್ಟಿನಲ್ಲಿ ಅದರ ಆಕಾರ ಕತ್ತರಿಸಿ ಹಿಡಿದು ನೋಡಿದ್ರೆ ರಿಮ್ಮಿಗೆ ಉಜ್ಜುತ್ತಿತ್ತು. ತರಿಸುವ ಮೊದಲೇ ರಟ್ಟು ಕತ್ತರಿಸಿ ನೋಡ್ಬೇಕಾದ್ದು. ಯಾರಾದ್ರೂ ಈ ಕೆಲಸ ಮಾಡುವುದಿದ್ರೆ ದಯವಿಟ್ಟು ದುಡ್ಡು ಕೊಡುವ ಮೊದಲು ಮಾರುವವರ ಹತ್ತಿರ ಅಳತೆ ಕೇಳಿ ರಟ್ಟು ಕತ್ತರಿಸಿ.

ಅದನ್ನು ವಾಪಸ್ ಕಳಿಸಿ ಎರಡನೇ ಸಲ ಲೆಕ್ಕ ಹಾಕಿಯೇ ಹುಡುಕಿದೆ. ಸಿಕ್ಕಿದ್ದು ಎರಡು ಪಿಸ್ಟನಿನ ಫ್ಲೋಟಿಂಗ್ ಕ್ಯಾಲಿಪರ್, ಪಿಸ್ಟನ್ 27 ಮಿ.ಮೀ., ಎರಡೂ ಒಂದೇ ಬದಿಯಲ್ಲಿ. ವಿಸ್ತೀರ್ಣ 1,145, ಪಾಲು 9. ಹಳೆಯದಕ್ಕಿಂತ ಮೂರನೇ ಒಂದರಷ್ಟು ಹೆಚ್ಚು, ಲಿವರೂ ಅಷ್ಟೇ ಹೆಚ್ಚು ಓಡ್ತದೆ, ಹಳೆ ಲಿವರಿಗೆ ಅಷ್ಟು ಜಾಗ ಇತ್ತು. ರಿಮ್ಮಿನ ಬದಿಯಲ್ಲಿ ಬೆನ್ನು ತೆಳು. ನೋಡ್ಲಿಕ್ಕೆ ಕಪ್ಪು, ಸಾದಾ. 2,800 ರೂಪಾಯಿ.

ಇನ್ನು ಬ್ರಾಕೆಟ್. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೆಳಗಿನ ಎರಡು ಕಿವಿಯ ತೂತಿನ ದೂರವೂ ಹೊಸ ಕ್ಯಾಲಿಪರಿನ ತೂತಿನ ದೂರವೂ ತಾಳೆ ಆಗುದಿಲ್ಲ, ನಡುವೆ ಒಂದು ಪಟ್ಟಿ ಬೇಕೇ ಬೇಕು. ಎಲ್ಲರೂ ಹಗುರವಾಗಿ ತೆಗೊಳ್ಳುವುದು ಇದನ್ನೇ. ಬ್ರೇಕ್ ಹಿಡಿದಾಗ ಡಿಸ್ಕ್ ಕ್ಯಾಲಿಪರನ್ನು ತನ್ನ ಜೊತೆ ತಿರುಗಿಸಿಕೊಂಡು ಹೋಗ್ಲಿಕ್ಕೆ ನೋಡ್ತದೆ, ಅದನ್ನು ತಡೆದು ನಿಲ್ಲಿಸುವುದು ಈ ಪಟ್ಟಿ ಮಾತ್ರ. ಇಬ್ಬರು ಕೂತ ಸ್ಕೂಟರ್ ಗಟ್ಟಿ ಬ್ರೇಕ್ ಹಿಡಿದ್ರೆ ನನ್ನ ಲೆಕ್ಕದಲ್ಲಿ ಆ ಪಟ್ಟಿಗೆ ನೂರೈವತ್ತು ಕಿಲೋಕ್ಕಿಂತ ಹೆಚ್ಚು ಭಾರ ನೇತುಹಾಕಿದ ಹಾಗೆ ಎಳೆತ ಬೀಳ್ತದೆ, ಅದೂ ದಿನಕ್ಕೆ ನೂರಾರು ಸಲ. ಗ್ಯಾರೇಜಿನಲ್ಲಿ ಬಿದ್ದ ಯಾವುದೋ ಅಲ್ಯೂಮಿನಿಯಂ ತುಂಡಿಗೆ ತೂತು ಹೊಡೆದು ಹಾಕುವ ವಿಷಯ ಅಲ್ಲ ಇದು. ಪಟ್ಟಿ ಮುರಿದ್ರೆ ಕ್ಯಾಲಿಪರ್ ಚಕ್ರದೊಳಗೆ ಸಿಕ್ಕಿ ಮುಂದಿನ ಚಕ್ರ ಅಲ್ಲೇ ಲಾಕ್.

ಕುಂಬಳೆಯಲ್ಲಿ ಒಬ್ಬರು ಲೇತ್ ಕೆಲಸದವರಿದ್ದಾರೆ, ಪಂಪ್‌ಸೆಟ್ಟಿನ ಶಾಫ್ಟು, ಅಡಿಕೆ ಸುಲಿಯುವ ಮೆಶಿನಿನ ಪಾರ್ಟು ಎಲ್ಲ ಮಾಡ್ತಾರೆ. ಮನೆಮಾತು ಮಲಯಾಳ, ನನ್ನ ಹತ್ತಿರ ಕನ್ನಡ, ಬರುವ ಗಿರಾಕಿಗೆ ತುಳು ಬೇಕಿದ್ರೆ ತುಳು. ನಾನು ಕಾಗದದಲ್ಲಿ ಡ್ರಾಯಿಂಗ್ ಮಾಡಿ ತೆಗೊಂಡು ಹೋದೆ. ನೋಡಿದ್ರು, ಮಡಚಿ ವಾಪಸ್ ಕೊಟ್ರು. "ಮಾಷೇ, ಕಾಗದದ ಅಳತೆ ಬೇಡ, ಗಾಡಿ ತಂದು ಇಲ್ಲಿ ಇಡಿ, ಚಕ್ರ ಹಾಕಿಯೇ ಅಳತೆ ತೆಗೀಬೇಕು." ಒಂದು ಶನಿವಾರ ಇಡೀ ಅಲ್ಲೇ ಕೂತೆ. ಮೊದಲು ರಟ್ಟು, ಆಮೇಲೆ ತಗಡು, ಆಮೇಲೆ 8 ಮಿ.ಮೀ. ಕಬ್ಬಿಣದ ಪಟ್ಟಿ. ಅವರ ಹತ್ತಿರ ಅಲ್ಯೂಮಿನಿಯಂ ಪ್ಲೇಟೂ ಇತ್ತು, ಆದ್ರೆ ಯಾವ ಗ್ರೇಡ್ ಅಂತ ಗುರುತು ಇರಲಿಲ್ಲ, ಮೆತ್ತಗಿನದ್ದು ಆದ್ರೆ ಬಾಗ್ತದೆ, ಹಾಗಾಗಿ ಕಬ್ಬಿಣವೇ ಇರ್ಲಿ ಅಂತ ಇಬ್ಬರೂ ಒಪ್ಪಿದೆವು. ಮೂಲೆಗಳನ್ನೆಲ್ಲ ಅವರು ಉರುಟು ಮಾಡಿದ್ರು, ಚೂಪು ಮೂಲೆಯಿಂದಲೇ ಬಿರುಕು ಶುರು ಆಗುವುದು ಅಂತ.

ಕೂರಿಸುವಾಗ ನೋಡಿಕೊಂಡದ್ದು ಇಷ್ಟು. ಪ್ಯಾಡಿನ ಹೊರ ಅಂಚು ಡಿಸ್ಕಿನ ಹೊರ ಅಂಚಿಗೆ ಸರಿಯಾಗಿ ಬರ್ಬೇಕು, ಹೊರಗೆ ಚಾಚಿದ್ರೆ ಚಾಚಿದ ಭಾಗ ಸವೆಯುವುದಿಲ್ಲ, ದಿನ ಹೋದ ಹಾಗೆ ಅಲ್ಲಿ ದಿಣ್ಣೆ ಎದ್ದು ಎರಡು ಪ್ಯಾಡಿನ ದಿಣ್ಣೆ ಒಂದಕ್ಕೊಂದು ತಾಗಿ ಬ್ರೇಕ್ ಹಿಡಿಯುವುದೇ ಇಲ್ಲ. ಹೆಚ್ಚು ಒಳಗೆ ಬಂದ್ರೆ ಡಿಸ್ಕಿನ ಕಾಲುಗಳಿಗೆ ತಾಗ್ತದೆ. ಡಿಸ್ಕ್ ಕ್ಯಾಲಿಪರಿನ ನಡುವಿನಲ್ಲಿ ಬರ್ಬೇಕು, ನನ್ನದರಲ್ಲಿ ಒಂದು ಮಿ.ಮೀ. ವಾಶರ್ ಹಾಕಿ ಸರಿ ಮಾಡಿದ್ದು. ರಿಮ್ಮಿನ ಹತ್ತಿರ ಎಷ್ಟು ಜಾಗ ಉಳಿದಿದೆ ಅಂತ ಕಣ್ಣಳತೆಯಲ್ಲಿ ಗೊತ್ತಾಗುದಿಲ್ಲ, ಮಕ್ಕಳು ಗೊಂಬೆ ಮಾಡುವ ಬಣ್ಣದ ಜೇಡಿಯನ್ನು ಕ್ಯಾಲಿಪರಿನ ಬೆನ್ನಿಗೆ ಅಂಟಿಸಿ ಚಕ್ರ ಮೆಲ್ಲ ತಿರುಗಿಸಿ ಆಮೇಲೆ ಅದನ್ನು ಕೊಯ್ದು ಅಳೆದೆ, ಎಲ್ಲಕ್ಕಿಂತ ಕಮ್ಮಿ ಇದ್ದಲ್ಲಿ 4 ಮಿ.ಮೀ. ಟ್ಯೂಬ್‌ಲೆಸ್ ಟೈರಿನ ಬ್ಯಾಲೆನ್ಸಿಂಗ್ ತೂಕವನ್ನು ರಿಮ್ಮಿನ ಒಳಮೈಗೆ ಅಂಟಿಸಿದ್ರೆ ಅದು ಇಲ್ಲಿ ತಾಗಬಹುದು, ಟೈರ್ ಅಂಗಡಿಯಲ್ಲಿ ನೆನಪಿಟ್ಟು ಹೇಳ್ಬೇಕು. ಬೋಲ್ಟು 8.8 ಅಂತ ತಲೆಯ ಮೇಲೆ ಬಲದ ಗುರುತಿರುವ ಎಂ8 (8 ಮಿ.ಮೀ. ದಪ್ಪದ್ದು), ಥ್ರೆಡ್ಡಿಗೆ ನೀಲಿ ಲಾಕಿಂಗ್ ಅಂಟು, ಟಾರ್ಕ್ ರೆಂಚ್ ತಂದು 25 ನ್ಯೂಟನ್ ಮೀಟರಿಗೆ ಬಿಗಿ ಮಾಡಿದ್ದು. ಆಮೇಲೆ ಬೋಲ್ಟಿನ ತಲೆಯಿಂದ ಪಟ್ಟಿಗೆ ಬಿಳಿ ಪೈಂಟಿನ ಒಂದು ಗೆರೆ ಎಳೆದಿದ್ದೇನೆ, ಬೋಲ್ಟು ಸಡಿಲ ಆದ್ರೆ ಗೆರೆ ತುಂಡಾಗಿ ಕಾಣ್ತದೆ, ದಿನಾ ಬೆಳಿಗ್ಗೆ ಸ್ಟಾಂಡ್ ತೆಗೆಯುವಾಗ ಬಗ್ಗಿ ನೋಡಿದ್ರೆ ಸಾಕು.

ಹೋಸ್ ಜೋಡಿಸುವಾಗ ಒಂದು ಕಡೆ ಕೈ ತಡೆಯಿತು. ಹೋಸಿನ ತುದಿಯ ಉಂಗುರವನ್ನು ಕ್ಯಾಲಿಪರಿಗೆ ಹಿಡಿಸುವುದು ತೂತಿರುವ ಬಾಂಜೊ ಬೋಲ್ಟ್. ಹಳೆ ಬೋಲ್ಟು ಹೊಸ ಕ್ಯಾಲಿಪರಿಗೆ ಒಂದೂವರೆ ಸುತ್ತು ಹೋಗಿ ನಿಂತಿತು. ಸ್ಪ್ಯಾನರ್ ಹಾಕಿ ಒಂದು ಬಲ ಕೊಡುವ ಅಂತ ನೋಡಿದಾಗ ಲೇತಿನವರು ಕೈ ಹಿಡಿದ್ರು. "ಬಲ ಮಾಡ್ಬೇಡಿ ಮಾಷೇ, ಇದರ ಪಿರಿ ಬೇರೆ." ಪಿರಿ ಅಂದ್ರೆ ಥ್ರೆಡ್. ಗೇಜ್ ಹಿಡಿದು ತೋರಿಸಿದ್ರು, ಹಳೆಯದು ಎಂ10 1.25, ಅಂದ್ರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ 1.25 ಮಿ.ಮೀ., ಜಪಾನಿನ ಕಡೆಯ ಬ್ರೇಕುಗಳಲ್ಲಿ ಹೆಚ್ಚಾಗಿ ಬರುವ ಪಿಚ್. ಹೊಸದು ಎಂ10 1.0, ಇಟಲಿ ಕಡೆಯದ್ದು. ಎರಡೂ 10 ಮಿ.ಮೀ. ದಪ್ಪ, ಕಣ್ಣಿಗೆ ಒಂದೇ ಹಾಗೆ. ಅವತ್ತು ಬಲ ಮಾಡಿದ್ರೆ ಕ್ಯಾಲಿಪರಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರ್ತಿತ್ತು, ಇಲ್ಲಾಂದ್ರೆ ಅದಕ್ಕಿಂತ ಕೆಟ್ಟದು, ಹಿಡಿದ ಹಾಗೆ ಕಂಡು ಇಳಿಜಾರಿನಲ್ಲಿ ಗಟ್ಟಿ ಒತ್ತಿದಾಗ ಬಿಡ್ತಿತ್ತು. ಸರಿಯಾದ ಬೋಲ್ಟು ಮಂಗಳೂರಿನಿಂದ ತರಿಸ್ಲಿಕ್ಕೆ ನಾಲ್ಕು ದಿನ ಹೋಯ್ತು. ಉಂಗುರದ ಎರಡು ಬದಿಗೂ ಒಂದೊಂದು ತಾಮ್ರದ ವಾಶರ್, ಹೊಸದೇ ಆಗ್ಬೇಕು, ಒಂದು ಸಲ ಜಜ್ಜಿದ ತಾಮ್ರ ಎರಡನೇ ಸಲ ಸೀಲ್ ಆಗುದಿಲ್ಲ. ಹೋಸ್ ಕೂರಿಸಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದಿನ ಚಕ್ರ ಎತ್ತಿ ಫೋರ್ಕ್ ಪೂರ್ತಿ ಇಳಿಬಿಟ್ಟು, ಹೋಸ್ ಎಲ್ಲೂ ಎಳೆಯುವುದಿಲ್ಲ ಟೈರಿಗೆ ತಾಗುದಿಲ್ಲ ಅಂತ ನೋಡ್ಬೇಕು.

ಆಯಿಲಿನೊಳಗೆ ಸಿಕ್ಕಿದ ಏರ್ ತೆಗೆಯುವ ಕೆಲಸ ಎರಡು ದಿನ ತಿಂದಿತು. ಎಷ್ಟು ಆಯಿಲ್ ಬಿಟ್ರೂ ಲಿವರ್ ಗಟ್ಟಿ ಆಗುದೇ ಇಲ್ಲ. ಆಮೇಲೆ ಗಮನಿಸಿದ್ರೆ ಬ್ರಾಕೆಟಿನಲ್ಲಿ ಕ್ಯಾಲಿಪರ್ ವಾಲಿ ಕೂತದ್ರಿಂದ ಗಾಳಿ ಹೊರಗೆ ಬಿಡುವ ಬ್ಲೀಡ್ ನಿಪ್ಪಲ್ ಅತಿ ಮೇಲೆ ಇರಲಿಲ್ಲ, ಅದಕ್ಕಿಂತ ಮೇಲೆ ಒಂದು ಪಿಸ್ಟನಿನ ಮೂಲೆ ಇತ್ತು. ಗಾಳಿ ಯಾವಾಗಲೂ ಮೇಲೆಯೇ ಹೋಗಿ ಕೂರುವುದು, ಆ ಮೂಲೆಯಲ್ಲಿ ಕೂತ ಗುಳ್ಳೆ ಕೆಳಗಿನ ನಿಪ್ಪಲಿನಿಂದ ಹೇಗೆ ಬರ್ತದೆ? ಕ್ಯಾಲಿಪರನ್ನು ಬ್ರಾಕೆಟಿನಿಂದ ಬಿಚ್ಚಿ, ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ತುಂಡು ಇಟ್ಟು, ನಿಪ್ಪಲ್ ನೆಟ್ಟಗೆ ಮೇಲೆ ಬರುವ ಹಾಗೆ ಹಿಡಿದು, ಸ್ಕ್ರೂಡ್ರೈವರಿನ ಹಿಡಿಯಿಂದ ಬಾಡಿಗೆ ಮೆಲ್ಲ ತಟ್ಟುತ್ತಾ ಬ್ಲೀಡ್ ಮಾಡಿದ್ರೆ ಒಂದು ದೊಡ್ಡ ಗುಳ್ಳೆ ಬಂತು, ಅಲ್ಲಿಗೆ ಲಿವರ್ ಕಲ್ಲಿನ ಹಾಗೆ. ಮರದ ತುಂಡು ಇಡದೆ ಲಿವರ್ ಒತ್ತಿದ್ರೆ ಪಿಸ್ಟನ್ ಹೊರಗೆ ಬಿದ್ದು ಹೋಗ್ತದೆ, ಜಾಗ್ರತೆ. ರಾತ್ರಿ ಹಳೆ ಸೈಕಲ್ ಟ್ಯೂಬಿನ ತುಂಡಿನಲ್ಲಿ ಲಿವರನ್ನು ಗ್ರಿಪ್ಪಿಗೆ ಬಿಗಿದು ಕಟ್ಟಿ ಬಿಟ್ಟೆ, ಬೆಳಿಗ್ಗೆ ಹೋಸಿನ ಕೀಲುಗಳಿಗೆಲ್ಲ ಟಿಶ್ಯೂ ಪೇಪರ್ ಒತ್ತಿ ನೋಡಿದ್ರೆ ಒಣಗಿದ್ದೇ ಇತ್ತು.

ಆಯಿಲಿನ ಬಗ್ಗೆ ಎರಡು ಮಾತು, ನಮ್ಮ ಊರಿನವರಿಗೆ ಇದು ಮುಖ್ಯ. ಹಾಕಿದ್ದು ಡಾಟ್ 4. ಹೊಸದರಲ್ಲಿ ಇದು ಕಮ್ಮಿ ಅಂದ್ರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ಆದ್ರೆ ಈ ಆಯಿಲ್ ಗಾಳಿಯಿಂದ ನೀರು ಹೀರ್ತದೆ, ನೂರಕ್ಕೆ ಮೂರೂವರೆ ನಾಲ್ಕರಷ್ಟು ನೀರು ಸೇರಿದ್ರೆ ಅದೇ ಆಯಿಲಿಗೆ ಇರುವ ಮಿತಿ 155 ಡಿಗ್ರಿ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಹಪ್ಪಳ ಕೂಡ ಡಬ್ಬಿಯೊಳಗೆ ಮೆತ್ತಗಾಗ್ತದೆ, ಮುಚ್ಚಳ ತೆಗೆದಿಟ್ಟ ಬ್ರೇಕ್ ಆಯಿಲಿನ ಗತಿ ಹೇಳ್ಬೇಕಾ? ಹಾಗಾಗಿ ಸಣ್ಣ ಬಾಟಲಿಯೇ ತೆಗೊಳ್ಳಿ, ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡ್ಬೇಡಿ. ಡಾಟ್ 5 ಅಂತ ಇರುವುದು ಸಿಲಿಕಾನಿನದ್ದು, ಅದು ಇದ್ರ ಜೊತೆ ಬೆರೆಯುವುದಿಲ್ಲ, ನಂಬರ್ ದೊಡ್ಡದು ಅಂತ ಹಾಕ್ಲಿಕ್ಕೆ ಹೋಗ್ಬೇಡಿ. ಪೈಂಟಿನ ಮೇಲೆ ಬಿದ್ರೆ ಕೂಡ್ಲೇ ನೀರು ಹೊಯ್ಯಿರಿ.

ಪ್ಯಾಡನ್ನು ಡಿಸ್ಕಿಗೆ ಹದ ಮಾಡಿದ್ದು ಶಾಲೆಯ ಗ್ರೌಂಡಿನಲ್ಲಿ, ಒಂದು ಆದಿತ್ಯವಾರ, ಯಾರೂ ಇಲ್ಲದಾಗ. ಮೊದಲು ನಡೆಯುವ ಸ್ಪೀಡಿನಲ್ಲಿ. ಆಮೇಲೆ 30ಕ್ಕೆ ಹೋಗಿ ಮೆಲ್ಲ ಒತ್ತಿ 10ಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸುವುದು ಬೇಡ, ಹೀಗೆ ಇಪ್ಪತ್ತೈದು ಸಲ, ನಡು ನಡುವೆ ಡಿಸ್ಕ್ ತಣಿಯಲಿಕ್ಕೆ ಬಿಟ್ಟು. ಪ್ಯಾಡಿನ ತೆಳು ಪದರ ಒಂದು ಡಿಸ್ಕಿಗೆ ಸಮನಾಗಿ ಅಂಟಿಕೊಂಡ ಮೇಲೆ ಹಿಡಿತ ಬರುವುದು. ಹಳೆ ಡಿಸ್ಕ್ 3.9 ಮಿ.ಮೀ. ಇತ್ತು, ಅದರ ಮೇಲೆ ಕೊರೆದ ಮಿತಿ 3.5, ಅದನ್ನೇ ಉಳಿಸಿದೆ, ಸಣ್ಣ ಎಮರಿಯಲ್ಲಿ ತಿಕ್ಕಿ.

ಆಮೇಲೆ ಶಾಲೆಯ ಹತ್ತಿರದ ಸಮತಟ್ಟು ಟಾರ್ ರೋಡಿನಲ್ಲಿ ಚಾಕಿನ ಗೆರೆ ಎಳೆದು 40ರಿಂದ ಎರಡೂ ಬ್ರೇಕ್ ಹಿಡಿದು ಐದು ಸಲ ಅಳೆದೆ. ಹಳೆ ಕ್ಯಾಲಿಪರ್ ಚೆನ್ನಾಗಿದ್ದ ಆ ಹತ್ತು ದಿನದಲ್ಲಿ ಅಳೆದಾಗ ಸರಾಸರಿ ಹನ್ನೊಂದೂವರೆ ಮೀಟರ್ ಬಂದಿತ್ತು. ಈಗ ಹತ್ತೂವರೆ. ಒಂದು ಮೀಟರ್ ಅಷ್ಟೇ ವ್ಯತ್ಯಾಸ. ಕ್ಯಾಲಿಪರಿನ ಬಲ ಮೂರನೇ ಒಂದರಷ್ಟು ಹೆಚ್ಚಾದ್ರೂ ದೂರ ಅಷ್ಟು ಕಮ್ಮಿ ಆಗ್ಲಿಲ್ಲ, ಯಾಕಂದ್ರೆ ಕೊನೆಗೆ ಸ್ಕೂಟರನ್ನು ನಿಲ್ಲಿಸುವುದು ಟೈರು ಮತ್ತು ರೋಡಿನ ಹಿಡಿತ. ಬದಲಾದದ್ದು ಕೈ. ಮೊದಲು ನಾಲ್ಕು ಬೆರಳಿನಲ್ಲಿ ಹಿಂಡಬೇಕಿತ್ತು, ಈಗ ಎರಡು ಬೆರಳು ಸಾಕು, ಎಷ್ಟು ಒತ್ತಿದೆನೋ ಅಷ್ಟೇ ಹಿಡಿಯುವುದು ಬೆರಳಿಗೆ ಗೊತ್ತಾಗ್ತದೆ. ಅಮ್ಮ ಹಿಂದೆ ಕೂತಾಗ ಬೇಕಾದ್ದು ಇದು.

ಇದರ ಇನ್ನೊಂದು ಮುಖ ಮಳೆ ಬಂದಾಗ ಕಂಡದ್ದು. ಗುಡ್ಡೆಯಿಂದ ಕೆಂಪು ಮಣ್ಣು ಇಳಿದು ಬಂದ ರೋಡು, ಅದರ ಮೇಲೆ ಅಡಿಕೆ ಸೋಗೆ, ಅಲ್ಲಿ ಹಳೆ ಅಭ್ಯಾಸದಲ್ಲಿ ನಾಲ್ಕು ಬೆರಳು ಹಾಕಿದೆ, ಮುಂದಿನ ಚಕ್ರ ಒಂದು ಕ್ಷಣ ಲಾಕ್ ಆಗಿ ಜಾರಿತು. ಬಿಟ್ಟೆ, ಸರಿ ಆಯ್ತು, ಆದ್ರೆ ಎದೆ ಹೊಡ್ಕೊಂಡದ್ದು ಮನೆಗೆ ಬರುವವರೆಗೂ ನಿಲ್ಲಲಿಲ್ಲ. ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಇಲ್ಲದ ಗಾಡಿ ಇದು. ಆ ನಾಲ್ಕು ಪಿಸ್ಟನಿನದ್ದು ಇರ್ತಿದ್ರೆ ಬಿಡ್ಲಿಕ್ಕೆ ಸಮಯ ಸಿಗ್ತಿತ್ತಾ ಅಂತ ಈಗಲೂ ಯೋಚನೆ ಬರ್ತದೆ. ಮನೆಯಲ್ಲಿ ಬೇರೆ ಯಾರಾದ್ರೂ ಸ್ಕೂಟರ್ ತೆಗೆಯುವುದಿದ್ರೆ ಅವರಿಗೆ ಮೊದಲೇ ಹೇಳಿ ಗ್ರೌಂಡಿನಲ್ಲಿ ಎರಡು ರೌಂಡ್ ಹೊಡೆಸಿ. ನಾನು ನನ್ನ ಹೆಂಡತಿಗೆ ಹಾಗೆ ಮಾಡಿಸಿದ್ದೇನೆ.

2019 ಏಪ್ರಿಲ್ 1ರಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಸಿಬಿಎಸ್ ಅಥವಾ ಎಬಿಎಸ್ ಕಡ್ಡಾಯ ಆಯ್ತು. ಸಿಬಿಎಸ್ ಅಂದ್ರೆ ಒಂದೇ ಲಿವರ್ ಎರಡೂ ಚಕ್ರದ ಬ್ರೇಕ್ ಹಿಡಿಯುವುದು, ಹಿಂದೆ ಮುಂದೆ ಎಷ್ಟೆಷ್ಟು ಅಂತ ಕಂಪನಿಯವರು ತೂಗಿ ಇಟ್ಟಿರ್ತಾರೆ. ಅಂಥ ಸ್ಕೂಟರಿನಲ್ಲಿ ಮುಂದಿನ ಕ್ಯಾಲಿಪರ್ ಮಾತ್ರ ಬದಲಿಸಿದ್ರೆ ಆ ತೂಕ ತಪ್ಪಿ ಹೋಗ್ತದೆ. ನನ್ನದು 2017ರದ್ದು, ಸಿಬಿಎಸ್ ಇಲ್ಲ, ಅದಕ್ಕೇ ಧೈರ್ಯ ಮಾಡಿದ್ದು. ನಿಮ್ಮದರಲ್ಲಿ ಇದ್ರೆ ಕಂಪನಿಯ ಕ್ಯಾಲಿಪರ್ ಬರುವವರೆಗೆ ಕಾಯಿರಿ ಅಂತಲೇ ನಾನು ಹೇಳುವುದು.

ಕಾನೂನಿನ ವಿಷಯವೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯಲ್ಲಿ ಬದಲಾವಣೆ ಮಾಡುವುದಕ್ಕೆ ಕಟ್ಟು ಹಾಕ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಕೇರಳದ್ದೇ ಒಂದು ಕೇಸಿನಲ್ಲಿ ಅದನ್ನು ಎತ್ತಿ ಹಿಡಿದಿದೆ. ಕೆಎಲ್ 14, ಅಂದ್ರೆ ಕಾಸರಗೋಡು ನಂಬರಿನ ಗಾಡಿಯವರಿಗೆ ನಮ್ಮಲ್ಲಿ ಚೆಕಿಂಗ್ ಎಷ್ಟು ಬಿಗಿ ಅಂತ ಗೊತ್ತೇ ಉಂಟು. ಹಾಗಾಗಿ ಹಳೆ ಕ್ಯಾಲಿಪರ್, ಹಳೆ ಬೋಲ್ಟು, ಹಳೆ ವಾಶರ್ ಸಮೇತ ಒಂದು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ, ಫೋರ್ಕಿನ ಕಿವಿಗೆ ಒಂದು ತೂತು ಕೂಡ ಹೊಸತಾಗಿ ಹೊಡೆದಿಲ್ಲ, ಅರ್ಧ ದಿನದಲ್ಲಿ ಎಲ್ಲ ಮೊದಲಿನ ಹಾಗೆ ಮಾಡ್ಬಹುದು. ಪಿಸ್ಟನ್ ಕಿಟ್ ಬಂದ್ರೆ ಹೇಳಿ ಅಂತ ಪಾರ್ಟ್ಸ್ ಅಂಗಡಿಯಲ್ಲಿ ನಂಬರ್ ಕೊಟ್ಟು ಬಂದಿದ್ದೇನೆ.

ಈಗ ಆರುನೂರು ಕಿಲೋಮೀಟರ್ ಆಯ್ತು. ಮೊನ್ನೆ ಬಿಚ್ಚಿ ನೋಡಿದೆ, ಎರಡು ಪ್ಯಾಡೂ ಸಮ ಸವೆದಿವೆ, ಪಿನ್ ಬೆರಳಿನಲ್ಲಿ ತಳ್ಳಿದ್ರೆ ಜಾರ್ತದೆ, ಬಿಳಿ ಗೆರೆ ತುಂಡಾಗಿಲ್ಲ. ಬ್ರಾಕೆಟಿನ ಕೆಳಗಿನ ಅಂಚಿನಲ್ಲಿ ಮಾತ್ರ ಪೈಂಟ್ ಎದ್ದು ಸ್ವಲ್ಪ ತುಕ್ಕು ಕಾಣ್ತಾ ಉಂಟು, ಕಡಲಿನ ಗಾಳಿ ಬಿಡುದಿಲ್ಲ ಅಲ್ವಾ, ಈ ಶನಿವಾರ ಬಿಸಿಲು ಇದ್ರೆ ಬಿಚ್ಚಿ ತಿಕ್ಕಿ ಎರಡು ಕೋಟ್ ಪ್ರೈಮರ್ ಹೊಡೀಬೇಕು.